ಬ್ಯಾಟರಿ ಸುರಕ್ಷಿತವಾಗಿದೆ

ನಮ್ಮ ಮನೆಯಲ್ಲಿ ಕರೆಂಟ್ ಹೋಗುವುದಿಲ್ಲ. ಬೀದಿಯಲ್ಲಿ ಹೋಗುತ್ತದೆ, ಇಡೀ ನಾಗಸಂದ್ರದಲ್ಲಿ ಹೋಗುತ್ತದೆ. ಆದರೆ ಆ ಕತ್ತಲು ನಮ್ಮ ಗೇಟಿನ ಬಳಿ ಬಂದಾಗ ತಾರಸಿಯ ಮೇಲಿನ ಸೋಲಾರ್ ಪ್ಯಾನೆಲ್‌ಗಳನ್ನು ನೋಡಿ, "ಇಲ್ಲಿ ನಮ್ಮ ಆಟ ನಡೆಯಲ್ಲ" ಎಂದುಕೊಂಡು ಪಕ್ಕದ ಮನೆಗೆ ಹೋಗಿಬಿಡುತ್ತದೆ. ಈ ಮಾತನ್ನು ನಾನು ಆಫೀಸಿನಲ್ಲಿ ಹೇಳಿದ್ದೇನೆ, ಮೆಟ್ರೋದಲ್ಲಿ ಹೇಳಿದ್ದೇನೆ, ಹಾಲಿನ ಬೂತಿನಲ್ಲಿ ಹೇಳಿದ್ದೇನೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಬಾಯಿ ತೆರೆದುಕೊಂಡೇ ಹೇಳಿದ್ದೇನೆ.

ನಮ್ಮದು ಮೂರು ಕಡೆಯಿಂದ ವಿದ್ಯುತ್ ಪಡೆಯುವ ಮನೆ. ಬಿಸಿಲಿದ್ದರೆ ಪ್ಯಾನೆಲ್, ಬಿಸಿಲಿಲ್ಲದಿದ್ದರೆ ಬ್ಯಾಟರಿ, ಎರಡೂ ಸಾಲದಿದ್ದರೆ ಬೀದಿಯ ಲೈನು. ಯಾವಾಗ ಯಾವುದು ಎಂದು ನಿರ್ಧರಿಸುವುದು ಮೆಟ್ಟಿಲ ಕೆಳಗೆ ಗೋಡೆಗೆ ಅಂಟಿಕೊಂಡಿರುವ ಇನ್ವರ್ಟರ್. ಇನ್ವರ್ಟರಿಗೆ ಬುದ್ಧಿ ಹೇಳುವುದು ನನ್ನ ಮೊಬೈಲಿನ ಆ್ಯಪ್. ಆ್ಯಪ್‌ಗೆ ಬುದ್ಧಿ ಹೇಳುವವನು ನಾನು. ಒಟ್ಟಿನಲ್ಲಿ ಸೂರ್ಯನ ಮೇಲಧಿಕಾರಿ ನಾನೇ ಎಂಬ ಭಾವನೆ ನನಗೆ ನಿಧಾನವಾಗಿ ಬಂದುಬಿಟ್ಟಿತ್ತು.

ಆ್ಯಪ್ ತೆರೆದರೆ ಒಂದು ಪುಟ್ಟ ಮನೆಯ ಚಿತ್ರ. ಸೂರ್ಯನಿಂದ ಮನೆಗೆ, ಮನೆಯಿಂದ ಬ್ಯಾಟರಿಗೆ ಹಸಿರು ಚುಕ್ಕೆಗಳು ಸಾಲಾಗಿ ಓಡುತ್ತಿರುತ್ತವೆ. ನಾನು ಕೆಲಸ ಮಾಡುವುದು ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲನ್ನು ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ಕಳಿಸಬಾರದಿತ್ತೇನೋ ಎಂದು ಆಮೇಲೆ ಚಿಂತಿಸುವುದು ನನ್ನ ಸ್ವಭಾವ. ಇಂಥವನ ಕೈಗೆ ಓಡುವ ಚುಕ್ಕೆಗಳನ್ನು ಕೊಟ್ಟರೆ ಏನಾಗುತ್ತದೆ? ಊಟದ ಡಬ್ಬಿ ಬಿಚ್ಚುವ ಮೊದಲು ಒಮ್ಮೆ, ಬಿಚ್ಚಿದ ಮೇಲೆ ಒಮ್ಮೆ ಹೆಂಡತಿಗೆ ಫೋನು.

"ಗಿರಿಜಾ, ಇದ್ದಕ್ಕಿದ್ದ ಹಾಗೆ ಲೋಡು ಏರಿತಲ್ಲ, ಗ್ರೈಂಡರ್ ಹಾಕಿದ್ಯಾ?"

"ಇಡ್ಲಿಗೆ ರುಬ್ತಾ ಇದೀನಿ ಕಣ್ರೀ. ತಪ್ಪಾಯ್ತಾ?"

"ತಪ್ಪಲ್ಲ. ಸುಮ್ನೆ ಕೇಳ್ದೆ."

"ಉಪ್ಪು ಹಾಕಿದೀನಾ ಇಲ್ವಾ ಅಂತ ಅದ್ರಲ್ಲಿ ಕಾಣ್ಸತ್ತಾ? ಕಂಡ್ರೆ ಹೇಳಿ, ನಂಗೆ ಮರ್ತೋಗಿದೆ."

ಗಿರಿಜಾಳಿಗೆ ಮಹಡಿಯ ಕೋಣೆಯಲ್ಲಿ ತನ್ನದೇ ಒಂದು ಉದ್ಯೋಗವಿದೆ. ಕಂಪ್ಯೂಟರ್ ಜೋಡಿಸಿದ ಕಸೂತಿ ಯಂತ್ರ. ಬ್ಲೌಸಿನ ಬಟ್ಟೆಯನ್ನು ಫ್ರೇಮಿಗೆ ಬಿಗಿದು, ಚಿತ್ರ ಆರಿಸಿ ಗುಂಡಿ ಒತ್ತಿದರೆ ಸೂಜಿ ತಾನೇ ಓಡಾಡಿ ಬಳ್ಳಿ, ಹೂವು, ಆನೆ, ಏನು ಕೇಳಿದರೂ ಬಿಡಿಸುತ್ತದೆ. ಆ ವಾರ ಜಾಲಹಳ್ಳಿಯ ಸರೋಜಮ್ಮನವರ ಮಗಳ ಮುಹೂರ್ತದ ಬ್ಲೌಸು ಬಂದಿತ್ತು. ಎರಡು ತೋಳಿಗೆ ಎರಡು ನವಿಲು. ಭಾನುವಾರ ಬೆಳಗ್ಗೆ ಮದುವೆ, ಶನಿವಾರ ಸಂಜೆ ಛತ್ರಕ್ಕೆ ಹೊರಡುವ ದಾರಿಯಲ್ಲಿ ಸರೋಜಮ್ಮ ಬಂದು ಬ್ಲೌಸು ತೆಗೆದುಕೊಂಡು ಹೋಗುವುದು ಎಂದಾಗಿತ್ತು.

ಶುಕ್ರವಾರ ಮೊಬೈಲಿಗೆ ಸುದ್ದಿ ಬಂತು: ಶನಿವಾರ ಹಗಲೆಲ್ಲ ನಮ್ಮ ಕಡೆ ಲೈನು ದುರಸ್ತಿ, ಕರೆಂಟ್ ಇರುವುದಿಲ್ಲ.

"ರೀ, ಮಿಷನ್ನ ದಾಸರಹಳ್ಳೀಲಿರೋ ನಮ್ಮಕ್ಕನ ಮನೆಗೆ ತಗೊಂಡೋಗ್ಬಿಡ್ಲಾ? ಅಲ್ಲಿ ಕರೆಂಟ್ ಇರತ್ತಂತೆ."

ಸೂರ್ಯನನ್ನೇ ಸಾಕಿಕೊಂಡಿರುವ ಮನೆಯಿಂದ ಯಂತ್ರವೊಂದು ಕರೆಂಟಿಗಾಗಿ ದಾಸರಹಳ್ಳಿಗೆ ಹೋಗುವುದೇ!

"ಗಿರಿಜಾ, ಬರೆದಿಟ್ಕೋ. ನಾಳೆ ಈ ಬೀದೀಲಿ ಫ್ಯಾನ್ ತಿರುಗೋದು ಒಂದೇ ಮನೇಲಿ."

"ಬರ್ಕೊಳೋದೇನೂ ಬೇಡ. ತಿರುಗಿದ್ರೆ ಸಾಕು. ಆ ಬಟ್ಟೆ ಸೀರೆ ಜೊತೇಲೇ ಬಂದಿರೋದು ಕಣ್ರೀ, ಕೆಟ್ರೆ ಇನ್ನೊಂದು ಸಿಗಲ್ಲ. ಹುಡುಗಿ ಹಸೆಮಣೆ ಮೇಲೆ ಯಾವ್ದೋ ಹಳೇ ಬ್ಲೌಸ್ ಹಾಕ್ಕೊಂಡು ಕೂತ್ಕೋಬೇಕಾಗತ್ತೆ. ನಾನು ಜಾಲಹಳ್ಳೀಲಿ ತಲೆ ಎತ್ಕೊಂಡು ಓಡಾಡಬೇಕು."

ಆ ಸಂಜೆ ನಾನು ಆ್ಯಪ್ ತೆರೆದು ಕುಳಿತೆ. ಅದರಲ್ಲಿ ಒಂದು ಸೆಟ್ಟಿಂಗ್ ಇದೆ. ಬ್ಯಾಟರಿ ಎಷ್ಟಕ್ಕೆ ಇಳಿದಾಗ ಬಳಕೆ ನಿಲ್ಲಬೇಕು ಎಂದು ಹೇಳುವಂಥದ್ದು. ಕಂಪನಿಯವರು ಶೇಕಡಾ ಇಪ್ಪತ್ತು ಎಂದಿಟ್ಟಿದ್ದರು. ಇಪ್ಪತ್ತು! ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಬಾಳಿದವನು ನಾನು. ಸಂಪು ತುಂಬಿದ ಮೇಲೆ ಡ್ರಮ್ಮು, ಡ್ರಮ್ಮು ತುಂಬಿದ ಮೇಲೆ ಬಿಂದಿಗೆ, ಬಿಂದಿಗೆ ತುಂಬಿದ ಮೇಲೆ ಕುಕ್ಕರು ತುಂಬಿಸುವವರು ನಾವು. ಸಂಪಿನಲ್ಲಿ ಒಂದು ಗೇಣು ಇಳಿದರೆ ಟಾರ್ಚು ಹಾಕಿ ಇಣುಕಿ ನಿಟ್ಟುಸಿರು ಬಿಡುವವರು. ಹಗಲೆಲ್ಲ ಕರೆಂಟ್ ಇಲ್ಲದ ದಿನ ಬ್ಯಾಟರಿ ಇಪ್ಪತ್ತರವರೆಗೆ ಬರಿದಾಗುವುದನ್ನು ನೋಡಿಕೊಂಡು ಇರುವುದುಂಟೇ? ಇಪ್ಪತ್ತನ್ನು ಅಳಿಸಿ ತೊಂಬತ್ತು ಎಂದಿಟ್ಟೆ. ಕಷ್ಟಕಾಲಕ್ಕೆ ಇರಲಿ!

ಕಷ್ಟಕಾಲ ಎಂದರೆ ನಾಳೆಯೇ ಎಂಬುದು ನನಗೆ ಹೊಳೆಯಲಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಚಿಂತೆ ಹತ್ತಿಕೊಂಡಿತು. ಇನ್ವರ್ಟರಿನ ಮೈಮೇಲೆ ಬಟನ್ನುಗಳಿವೆ. ಗಿರಿಜಾ ಧೂಳು ಒರೆಸುವಾಗ ಯಾವುದನ್ನಾದರೂ ಒತ್ತಿಬಿಟ್ಟರೆ? ಆ್ಯಪ್‌ನಿಂದಲೇ ಆ ಬಟನ್ನುಗಳಿಗೆ ಬೀಗ ಹಾಕಿದೆ. ಇನ್ನು ಏನು ಬದಲಿಸಬೇಕಾದರೂ ನನ್ನ ಮೊಬೈಲಿನಿಂದ ಮಾತ್ರ. ಬಹಳ ದಿನಗಳ ಮೇಲೆ ಚಿಂತೆಯಿಲ್ಲದ ನಿದ್ದೆ ಬಂತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಶನಿವಾರ ಮೋಡ. ನಮ್ಮ ಕಡೆಯ ಆ ಬೂದು ಮೋಡ; ಮಳೆಯನ್ನೂ ಕೊಡದು, ಬಿಸಿಲನ್ನೂ ಬಿಡದು. ಬಲತೋಳಿನ ನವಿಲು ಮುಗಿದು ಎಡತೋಳಿನದು ಕಾಲಿನಿಂದ ಮೇಲೇಳುತ್ತಿದ್ದಾಗ ಬೀದಿಯ ಕರೆಂಟ್ ಹೋಯಿತು. ನಮ್ಮ ಫ್ಯಾನು ತಿರುಗುತ್ತಲೇ ಇತ್ತು! ನಾನು ಮೆಲ್ಲಗೆ ಗೇಟಿನ ಬಳಿ ಹೋಗಿ ನಿಂತೆ. ಪಕ್ಕದ ಮನೆಯ ರಂಗಸ್ವಾಮಿಯವರು ಬೀಸಣಿಗೆ ಹಿಡಿದು ಹೊರಗೆ ಬಂದರು. ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದವರು. ಯಾವುದನ್ನೂ ಕಣ್ಣಾರೆ ಕಾಣದೆ ನಂಬುವವರಲ್ಲ.

"ಏನ್ ಮೂರ್ತಿಗಳೇ, ನಿಮ್ಗೆ ಕರೆಂಟ್ ಇದ್ಯಾ?"

"ಕರೆಂಟಾ? ಹೋಗಿದ್ಯಾ? ನಂಗೆ ಗೊತ್ತೇ ಆಗ್ಲಿಲ್ಲ ನೋಡಿ!"

ಈ ಮಾತು ಮುಗಿಯುವಷ್ಟರಲ್ಲಿ ಒಳಗೆ ಫ್ಯಾನು ನಿಂತಿತು. ಫ್ರಿಜ್ಜು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮಹಡಿಯಿಂದ ಗಿರಿಜಾಳ ದನಿ ಬಂತು.

"ರೀ!"

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಒಂದಕ್ಷರವನ್ನು ಅವಳು ಹಲವು ಬಗೆಯಲ್ಲಿ ಕೂಗಿದ್ದಾಳೆ. ಈ ಬಗೆ ಹೊಸದು.

ಓಡಿಹೋಗಿ ಇನ್ವರ್ಟರ್ ನೋಡಿದೆ. ಸಣ್ಣ ಪರದೆಯ ಮೇಲೆ ಬ್ಯಾಟರಿ ತೊಂಬತ್ತು. ಅದರ ಕೆಳಗೆ ವಿನಯಪೂರ್ವಕವಾಗಿ ಇಂಗ್ಲಿಷಿನಲ್ಲಿ ಒಂದು ಸಾಲು: ಬ್ಯಾಟರಿ ಸುರಕ್ಷಿತವಾಗಿದೆ!

"ಬ್ಯಾಟರಿ ತುಂಬಿದೆ, ಕರೆಂಟ್ ಇಲ್ಲ. ಇದೆಂಥದ್ರೀ?" ಗಿರಿಜಾ ಮೆಟ್ಟಿಲ ಮೇಲೆ ನಿಂತಿದ್ದಳು.

"ಕಷ್ಟಕಾಲಕ್ಕೆ ಅಂತ ಇಟ್ಟಿದೀನಿ ಕಣೇ."

"ಹಾಗಾದ್ರೆ ಇದೇನು, ಹಬ್ಬಾನಾ?"

ಎರಡೇ ನಿಮಿಷ ಎಂದು ಹೇಳಿ ಆ್ಯಪ್ ತೆರೆದೆ. "ಸಾಧನ ಸಂಪರ್ಕದಲ್ಲಿಲ್ಲ" ಎಂದಿತು. ಹೌದಲ್ಲ! ಇನ್ವರ್ಟರಿನಲ್ಲಿ ಪೆನ್‌ಡ್ರೈವಿನಂಥ ಒಂದು ಕಡ್ಡಿಯಿದೆ. ಅದು ಮನೆಯ ವೈಫೈ ಹಿಡಿದುಕೊಂಡು ಮಾತಾಡುತ್ತದೆ. ವೈಫೈಗೆ ಕರೆಂಟ್ ಬೇಕು. ಕರೆಂಟಿಗೆ ಸೆಟ್ಟಿಂಗ್ ಬದಲಾಗಬೇಕು. ಸೆಟ್ಟಿಂಗಿಗೆ ಆ್ಯಪ್ ಬೇಕು. ಆ್ಯಪ್‌ಗೆ ವೈಫೈ ಬೇಕು. ಇಷ್ಟು ಪರಿಪೂರ್ಣವಾದ ವೃತ್ತವನ್ನು ನಮ್ಮ ಕಾರ್ಖಾನೆಯ ಲೇತು ಕೂಡ ಇದುವರೆಗೆ ಕಡೆದಿಲ್ಲ. ಗುಣಮಟ್ಟ ಪರೀಕ್ಷಕನಾಗಿ ಹೇಳುತ್ತಿದ್ದೇನೆ.

ಇನ್ವರ್ಟರ್ ಹಾಕಿಕೊಟ್ಟ ಹುಡುಗನಿಗೆ ಫೋನು ಮಾಡಿದೆ.

"ಆ್ಯಪ್ ಇಲ್ದಿದ್ರೆ ಇನ್ವರ್ಟರ್ ಮೇಲೆ ಬಟನ್ ಇದ್ಯಲ್ಲ ಸಾರ್, ಅದ್ರಲ್ಲಿ ಮಾಡಿ."

"ಅದಕ್ಕೆ ಲಾಕ್ ಹಾಕಿದೀನಿ."

"ಯಾಕ್ ಸಾರ್?"

"ಸೇಫ್ಟಿಗೆ."

"ಸೇಫಾಗೇ ಇದೆ ಬಿಡಿ ಸಾರ್" ಎಂದು ಫೋನಿಟ್ಟ.

ಆದರೆ ನಾನು ಸೋಲುವವನಲ್ಲ. ವೈಫೈ ಪೆಟ್ಟಿಗೆಗೆ ಬೇಕಾದದ್ದು ಹನ್ನೆರಡು ವೋಲ್ಟು. ನನ್ನ ಸ್ಕೂಟರಿನ ಬ್ಯಾಟರಿಯೂ ಹನ್ನೆರಡು ವೋಲ್ಟು! ಪೆಟ್ಟಿಗೆ ಗೋಡೆಯ ಕೇಬಲ್ಲಿಗೆ ಅಂಟಿಕೊಂಡಿರುವುದರಿಂದ ಅದು ಹೊರಗೆ ಬರುವಂತಿರಲಿಲ್ಲ. ಸ್ಕೂಟರೇ ಒಳಗೆ ಬರಬೇಕು. ಹಲಗೆ ಇಟ್ಟು, ರಂಗಸ್ವಾಮಿಯವರು ಹಿಂದಿನಿಂದ ನೂಕಿ, ರಂಗೋಲಿ ಅಳಿಸಿ, ಹೊಸ್ತಿಲು ದಾಟಿಸಿ, ಟೀವಿಯ ಮುಂದೆ ಸ್ಕೂಟರ್ ನಿಲ್ಲಿಸಿದೆವು. ಗಿರಿಜಾ ಇಳಿದು ಬಂದವಳು ಸ್ಕೂಟರ್ ನೋಡಿದಳು. ನನ್ನನ್ನು ನೋಡಿದಳು. ಸೋಫಾದ ಹೊದಿಕೆ ಮಡಚಿ ಒಳಗಿಟ್ಟಳು.

ವೈರು ಸಿಕ್ಕಿಸಿದೆ. ಪೆಟ್ಟಿಗೆಯಲ್ಲಿ ಹಸಿರು ದೀಪ! ರಂಗಸ್ವಾಮಿಯವರು ಚಪ್ಪಾಳೆ ತಟ್ಟಿದರು. ಮರುಕ್ಷಣ ಕೆಂಪು ದೀಪ.

"ಕೆಂಪು ಯಾಕೆ ಬಂತು?"

"ಬೀದಿ ಕೊನೇಲಿ ಇಂಟರ್‌ನೆಟ್ಟಿನೋರ ದೊಡ್ಡ ಪೆಟ್ಟಿಗೆ ಇದೆ. ಅದಕ್ಕೂ ಕರೆಂಟ್ ಹೋಗಿರ್ಬೇಕು."

"ಅದಕ್ಕೂ ಒಂದು ಸ್ಕೂಟರ್ ಬೇಕೇನೋ. ನಂದು ತರ್ಲಾ?" ಅವರು ನಗುತ್ತಿರಲಿಲ್ಲ. ಅದೇ ಕಷ್ಟ.

"ಅಲ್ರೀ," ಎಂದಳು ಗಿರಿಜಾ, "ಊರಿಗೆ ಹೋದಾಗ ನಿಮ್ಮ ಮೊಬೈಲಿಂದ ನನ್ನ ಫೋನಿಗೆ ಇಂಟರ್‌ನೆಟ್ ಕೊಡ್ತೀರಲ್ಲ. ಹಾಗೇ ಅದಕ್ಕೂ ಕೊಡಕ್ಕಾಗಲ್ವಾ?"

ಆ ಕ್ಷಣ ನನಗೆ ಒಂದು ಅದ್ಭುತ ಉಪಾಯ ಹೊಳೆಯಿತು. ಹೊಳೆದದ್ದು ನನಗೇ. ಅವಳು ಹೇಳಿದ ಮೇಲೆ ಹೊಳೆಯಿತು. ನನ್ನ ಮೊಬೈಲಿನ ಹಾಟ್‌ಸ್ಪಾಟಿಗೆ ಮನೆಯ ವೈಫೈಯ ಹೆಸರು, ಅದರದೇ ಪಾಸ್‌ವರ್ಡು ಇಟ್ಟೆ. ಇನ್ವರ್ಟರಿನ ಕಡ್ಡಿ ಮೋಸಹೋಯಿತು. ಹಳೆಯ ಪರಿಚಯದವರೇ ಎಂದುಕೊಂಡು ಬಂದು ಸೇರಿಕೊಂಡಿತು. ತೊಂಬತ್ತನ್ನು ಇಪ್ಪತ್ತು ಮಾಡಿದೆ. ಫ್ಯಾನು ತಿರುಗಿತು! ಮಹಡಿಯಲ್ಲಿ ಸೂಜಿ ಟಕಟಕ ಎಂದಿತು!

ಆಗ ನನಗಾದ ಹೆಮ್ಮೆಯನ್ನು ಹೇಗೆ ಹೇಳಲಿ? ರಂಗಸ್ವಾಮಿಯವರನ್ನು ನಡುಮನೆಯಲ್ಲಿ, ಸ್ಕೂಟರಿನ ಸೀಟಿನ ಮೇಲೆ ಕೂರಿಸಿ, ಓಡುವ ಚುಕ್ಕೆಗಳನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಪರವಾಗಿಲ್ಲ ಮೂರ್ತಿಗಳೇ, ಸಕ್ಕತ್ತಾಗಿದೆ" ಎಂದರು. ಅವರ ಬಾಯಿಂದ ಅಂಥ ಮಾತು ಅವರ ಮೊಮ್ಮಕ್ಕಳಿಗೂ ಸಿಕ್ಕಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ವೀರನಾಗಿ ಉಳಿಯುತ್ತಿದ್ದೆ. ಆದರೆ ಅವರು ಮನೆಗೆ ಹೋದ ಮೇಲೆ ನನ್ನ ಕಣ್ಣು ಮತ್ತೆ ಆ ಅಂಕಿಯ ಮೇಲೆ ಬಿತ್ತು. ಎಂಬತ್ತೊಂಬತ್ತು. ನೋಡುತ್ತಿದ್ದಂತೆ ಎಂಬತ್ತೆಂಟು. ನನ್ನ ರಕ್ತವನ್ನೇ ಯಾರೋ ಬಾಟಲಿಗೆ ಇಳಿಸಿಕೊಳ್ಳುತ್ತಿದ್ದಂತೆ ಅನಿಸಿತು. ಫ್ಯಾನು ಆರಿಸಿದೆ. ಎಂಬತ್ತೇಳು. ಫ್ರಿಜ್ಜು ಆರಿಸಿದೆ. ಎಂಬತ್ತಾರು. ದೇವರ ಮನೆಯ ಪುಟ್ಟ ಬಲ್ಬನ್ನು, ಕೈಮುಗಿದು, ಆರಿಸಿದೆ. ಎಂಬತ್ತೈದು! ಸಂಜೆಗೆ ಏನು ಗತಿ? ಸರೋಜಮ್ಮ ಬಂದಾಗ ದೀಪವೇ ಇಲ್ಲದಿದ್ದರೆ? ಪೂರ್ತಿ ಬೇಡ, ಸ್ವಲ್ಪವೇ ಕಾಪಾಡೋಣ ಎಂದುಕೊಂಡು ಆ ಇಪ್ಪತ್ತನ್ನು ಮೆಲ್ಲಗೆ ಎಂಬತ್ತೈದಕ್ಕೆ ಏರಿಸಿದೆ.

ಸೂಜಿಯ ಸದ್ದು ನಿಂತಿತು.

ಈ ಸಲ ಮಹಡಿಯಿಂದ "ರೀ" ಎಂದೂ ಬರಲಿಲ್ಲ. ಹೆಜ್ಜೆಗಳು ಮಾತ್ರ ಬಂದವು. ಗಿರಿಜಾ ಎದುರು ನಿಂತು ಕೈ ಚಾಚಿದಳು.

"ಕೊಡಿ ಇಲ್ಲಿ."

"ಏನನ್ನ?"

"ಮೊಬೈಲ್. ನವಿಲಿನ ಕತ್ತಿನ ಹತ್ರ ಸೂಜಿ ಸಿಕ್ಕಾಕ್ಕೊಂಡಿದೆ. ಬಿಡಿಸೋವಾಗ ಬಟ್ಟೆ ಹರಿದ್ರೆ ನೀವೇ ಹೋಗಿ ಸರೋಜಕ್ಕಂಗೆ ಹೇಳ್ಬೇಕು."

ಕೊಟ್ಟೆ. ಅವಳು ಇನ್ವರ್ಟರಿನ ಹುಡುಗನಿಗೆ ಫೋನು ಮಾಡಿದಳು. ಮಾತು ಶುರುವಾದದ್ದು "ನೋಡಪ್ಪಾ, ನಮ್ಮನೆಯವರು..." ಎಂದು. ಅವನು ಇಷ್ಟು ಬೇಗ ಅರ್ಥಮಾಡಿಕೊಂಡದ್ದು ನನಗೆ ಈಗಲೂ ನೋವಿನ ವಿಷಯ. ಸ್ವಲ್ಪ ಹೊತ್ತಿನಲ್ಲಿ ಆ್ಯಪ್ ಅವಳ ಫೋನಿನಲ್ಲಿತ್ತು, ಮೂವತ್ತು ಎಂದು ಸೆಟ್ಟಿಂಗ್ ಆಗಿತ್ತು, ಕರೆಂಟ್ ಬಂದಿತ್ತು. ಬಟ್ಟೆ ಹರಿದಿರಲಿಲ್ಲ. ಆದರೆ ನವಿಲಿನ ಕತ್ತಿನ ಸುತ್ತ ದಾರ ಗಂಟುಕಟ್ಟಿ, ಬಿಡಿಸಿದ ಕಡೆ ಒಂದು ಬೋಳು ಪಟ್ಟಿ ಉಳಿದಿತ್ತು. ನಾನು ಸ್ಕೂಟರಿನ ಪಕ್ಕದಲ್ಲಿ ಕೈಕಟ್ಟಿಕೊಂಡು ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಮೋಡ ಸರಿದು ಬಿಸಿಲು ಬಂತು. ನನ್ನನ್ನು ಯಾರೂ ಕೇಳಲಿಲ್ಲ.

ಸಂಜೆ ಬೀದಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ನಮ್ಮ ಮನೆಯೊಂದರಲ್ಲೇ ದೀಪ. ಆ ಬೆಳಕಿನಲ್ಲಿ ಸರೋಜಮ್ಮ ಬ್ಲೌಸು ಬಿಡಿಸಿ ನೋಡಿದರು. ಬೋಳಾಗಿದ್ದ ಕಡೆ ಗಿರಿಜಾ ಕೈಯಿಂದಲೇ ಸಣ್ಣ ಮಣಿಗಳನ್ನು ಪೋಣಿಸಿಟ್ಟಿದ್ದಳು.

"ಅಯ್ಯೋ, ನವಿಲಿಗೆ ಮುತ್ತಿನ ಸರ! ಎಷ್ಟ್ ಚೆನ್ನಾಗಿದ್ಯಮ್ಮಾ! ಮತ್ತೆ ಈ ಕಡೇದಕ್ಕೆ ಯಾಕಿಲ್ಲ?"

"ಅದು ಗಂಡು ಅಕ್ಕಾ," ಎಂದಳು ಗಿರಿಜಾ, ಕಣ್ಣು ಮಿಟುಕಿಸದೆ. "ಇದು ಹೆಣ್ಣು. ಮದುವೆ ಅಲ್ವಾ?"

ಸರೋಜಮ್ಮ ಕರಗಿಹೋದರು. ಆಮೇಲೆ ತಲೆಯೆತ್ತಿ ದೀಪ ನೋಡಿ, ನಡುಮನೆಯ ಸ್ಕೂಟರ್ ನೋಡಿ, ಅದೂ ಈ ವ್ಯವಸ್ಥೆಯ ಒಂದು ಭಾಗವಿರಬೇಕು ಎಂದುಕೊಂಡು ಗೌರವದಿಂದ ಸುತ್ತು ಹಾಕಿ ನಿಂತರು.

"ಎಲ್ಲಾ ಕಡೆ ಕತ್ತಲೆ, ನಿಮ್ಮನೇಲಿ ಮಾತ್ರ ಬೆಳಕು! ಇದನ್ನೆಲ್ಲ ಮಾಡಿರೋದು ನೀವೇನಾ ಸಾರ್? ನಮ್ಮನೇಲೂ ಒಂದು ಹಾಕಿಸ್ಬೇಕು. ಬಂದು ಸೆಟ್ಟಿಂಗ್ ಎಲ್ಲಾ ಮಾಡ್ಕೊಡ್ತೀರಾ?"

ನನ್ನ ಎದೆ ಉಬ್ಬಿತು. ಬಾಯಿ ತೆರೆದೆ.

"ಮೊದ್ಲು ಮದುವೆ ಸುಸೂತ್ರವಾಗಿ ಮುಗೀಲಿ ಅಕ್ಕಾ" ಎಂದಳು ಗಿರಿಜಾ.

ನಮ್ಮ ಮನೆಯಲ್ಲಿ ಇಂದಿಗೂ ಕರೆಂಟ್ ಹೋಗುವುದಿಲ್ಲ. ಈ ಮಾತನ್ನು ನಾನು ಎಲ್ಲರಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ. ಕೇಳಿದವರಿಗೆ ಮೊಬೈಲ್ ತೆಗೆದು ಚುಕ್ಕೆಗಳನ್ನೂ ತೋರಿಸುತ್ತೇನೆ. ನೋಡುವ ಅನುಮತಿ ನನಗೆ ಪೂರ್ತಿಯಾಗಿ ಇದೆ. ಸೆಟ್ಟಿಂಗ್ ಒತ್ತಿದರೆ ಮಾತ್ರ, "ಬದಲಾವಣೆಗೆ ದಯವಿಟ್ಟು ಮಾಲೀಕರನ್ನು ಸಂಪರ್ಕಿಸಿ" ಎಂದು ಬರುತ್ತದೆ. ಮಾಲೀಕರು ಅಲ್ಲೇ ಮಹಡಿಯ ಕೋಣೆಯಲ್ಲಿ ಇರುತ್ತಾರೆ. ಮೆಟ್ಟಿಲ ಕೆಳಗಿನವರೆಗೆ ಹೋಗುತ್ತೇನೆ, ಸೂಜಿಯ ಸದ್ದು ಕೇಳಿಸಿಕೊಳ್ಳುತ್ತೇನೆ, ವಾಪಸು ಬರುತ್ತೇನೆ. ಸಂಪರ್ಕಿಸುವ ಧೈರ್ಯ ಇನ್ನೂ ಬಂದಿಲ್ಲ.