ಷಡ್ಡಕನ ಸಮುದ್ರ

ಅರವತ್ತು ದಾಟಿದವರು ಎದುರು ಸಿಕ್ಕಿದರೆ ಯಾರೂ ಮೊದಲು ಊಟ ಆಯಿತೇ ಎಂದು ಕೇಳುವುದಿಲ್ಲ, ಶುಗರ್ ಇದೆಯೇ, ಬೀಪಿ ಇದೆಯೇ ಎಂದು ಕೇಳುತ್ತಾರೆ. ನನಗೆ ಎರಡೂ ಇಲ್ಲ. ನನಗಿರುವುದು ಒಬ್ಬ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಅಣ್ಣತಮ್ಮಂದಿರ ಜೊತೆ ಆಗದಿದ್ದರೆ ಆಸ್ತಿ ಭಾಗ ಮಾಡಿಕೊಂಡು ಮಾತು ಬಿಡಬಹುದು. ಪಕ್ಕದ ಮನೆಯವರ ಜೊತೆ ಆಗದಿದ್ದರೆ ಬೇರೆ ಬೀದಿಗೆ ಮನೆ ಬದಲಾಯಿಸಬಹುದು. ಷಡ್ಡಕನ ವಿಷಯದಲ್ಲಿ ಇಂಥ ಅನುಕೂಲವೇ ಇಲ್ಲ. ಅವನಿಗೂ ನನಗೂ ರಕ್ತಸಂಬಂಧವಿಲ್ಲ, ಜಗಳವಾಡೋಣವೆಂದರೆ ಮಧ್ಯೆ ಒಂದು ಗುಂಟೆ ಜಮೀನೂ ಇಲ್ಲ. ಇಬ್ಬರಿಗೂ ಅದೇ ಅತ್ತೆ, ಅದೇ ಮಾವ. ಒಂದೇ ತಕ್ಕಡಿಯಲ್ಲಿ ಆ ಕಡೆ ಅವನು, ಈ ಕಡೆ ನಾನು. ಅವನು ಒಂದಿಷ್ಟು ಭಾರವಾದರೆ ಸಾಕು, ನಾನು ಮೇಲೆ ತೂಗಾಡುತ್ತಿರುತ್ತೇನೆ.

ನಾನು ಕೂಟಗಲ್ಲಿನ ಹೈಸ್ಕೂಲಿನಲ್ಲಿ ಸಮಾಜ ಮೇಷ್ಟ್ರಾಗಿದ್ದು ನಿವೃತ್ತನಾದವನು. ಈಗ ರಾಮನಗರದಲ್ಲಿ ಮನೆ. ಷಡ್ಡಕ ಪುಟ್ಟಸ್ವಾಮಿ ಮಾಗಡಿ ಕಡೆಯವನು. ಮದುವೆಯ ಕಾಲಕ್ಕೆ ಅವನು ಫ್ರಿಜ್ ರಿಪೇರಿ ಮಾಡಿಕೊಂಡಿದ್ದ. ಹುಡುಗ ಹೇಗೆ ಎಂದು ಮಾವನವರು ನನ್ನನ್ನೇ ಕೇಳಿದ್ದರು. ಪರವಾಗಿಲ್ಲ, ಒಳ್ಳೆಯವನು ಎಂದು ನಾನೇ ದೊಡ್ಡ ಮನಸ್ಸು ಮಾಡಿ ಹೇಳಿದ್ದೆ. ಫ್ರಿಜ್ ರಿಪೇರಿಯವನಿಂದ ನನಗೆ ತೊಂದರೆಯಾಗಲಾರದು ಎಂಬ ಧೈರ್ಯವೂ ಆ ದೊಡ್ಡ ಮನಸ್ಸಿನೊಳಗೆ ಒಂದಿಷ್ಟು ಇತ್ತು ಅನ್ನಿ. ಆದರೆ ಮನುಷ್ಯ ಮಸ್ಕತ್ತಿಗೆ ಹೋದ. ಮರಳುಗಾಡಿನಲ್ಲಿ ತಂಪು ಮಾಡುವವನಿಗೆ ಎಷ್ಟು ಬೆಲೆ ಎನ್ನುವುದನ್ನು ನಾನು ಪಾಠದಲ್ಲಿ ಹೇಳಿದ್ದೇನೆಯೇ ಹೊರತು ಜೀವನದಲ್ಲಿ ಯೋಚಿಸಿರಲಿಲ್ಲ. ಅಲ್ಲಿ ಏಸಿ ಕಂಪನಿಯಲ್ಲಿ ಸೂಪರ್‌ವೈಸರ್ ಆದ. ವರ್ಷಕ್ಕೊಮ್ಮೆ ಖರ್ಜೂರ, ಸೆಂಟು ತಂದ. ಖರ್ಜೂರವನ್ನೂ ಸೆಂಟನ್ನೂ ನಾನು ಸಹಿಸಿಕೊಂಡೆ. ಖರ್ಜೂರ ಚೆನ್ನಾಗಿಯೂ ಇತ್ತು.

ಸಹಿಸಿಕೊಳ್ಳಲಾಗದ್ದು ನಡೆದದ್ದು ಕಳೆದ ಮಾರ್ಲಾಮಿ ಹಬ್ಬದಲ್ಲಿ. ಹಿರಿಯರಿಗೆ ಎಡೆ ಇಡುವ ಈ ಹಬ್ಬಕ್ಕೆ ನಾವು ಅಳಿಯಂದಿರು ಚನ್ನಪಟ್ಟಣದ ಹತ್ತಿರದ ಬೈರಾಪಟ್ಟಣದಲ್ಲಿರುವ ಮಾವನವರ ಮನೆಗೆ ತಪ್ಪದೆ ಹೋಗುತ್ತೇವೆ. ಹಿರಿಯರ ಮೇಲಿನ ಭಕ್ತಿ ಒಂದು ಪಾಲು, ಅತ್ತೆಯ ಕೈಯ ಬಾಡಿನ ಸಾರು ಮೂರು ಪಾಲು. ಆ ಮನೆಯಲ್ಲಿ ಒಂದು ಪದ್ಧತಿ ಉಂಟು. ಸಾರಿನ ಪಾತ್ರೆಯಲ್ಲಿ ಎದ್ದು ಕಾಣುವ ದೊಡ್ಡ ನಲ್ಲಿಮೂಳೆ ಹಿರೀ ಅಳಿಯನ ಎಲೆಗೆ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ನಾನು ಮದುವೆಯಾದಾಗಿನಿಂದ ಆ ಮೂಳೆ ದಾರಿ ತಪ್ಪಿದ್ದಿಲ್ಲ. ಮುದ್ದೆ ಮುರಿದು ಕಾಯುತ್ತಿದ್ದೆ. ಆಗ ಪುಟ್ಟಸ್ವಾಮಿ ಫೋನು ತೆಗೆದು ಎಲ್ಲರಿಗೂ ಒಂದು ವೀಡಿಯೊ ತೋರಿಸಿದ. ಹೆಂಚಿನ ಮನೆ, ಜಗುಲಿ, ತೆಂಗಿನ ಮರ, ಅದರಾಚೆ ಮರಳು, ಅದರಾಚೆ ಸಮುದ್ರವೋ ಸಮುದ್ರ. "ಕುಂದಾಪುರದ ಕಡೆ ಒಂದು ಸಣ್ಣೂರು ಕಣಣ್ಣ. ಗಲಾಟೆ ಇಲ್ಲ, ಏನಿಲ್ಲ. ತಕಂಡ್ಬುಟ್ಟೆ. ಮಸ್ಕತ್ ಬುಟ್ಟು ಬಂದ್ಮೇಲೆ ಅಲ್ಲೇ ಇರಾನ ಅಂತ" ಎಂದ. ಏನೋ ಅಂಗಡಿಯಿಂದ ಸೋಪು ತಂದೆ ಎನ್ನುವ ಹಾಗೆ ಹೇಳಿದ. ಅತ್ತೆ ಕನ್ನಡಕ ಹಾಕಿಕೊಂಡು ಫೋನಿನೊಳಗಿನ ಅಲೆಗೆ ಕೈಮುಗಿದರು. ಆಮೇಲೆ ಸೌಟು ಹಿಡಿದು ಬಂದರು. ಬಂದು, ನನ್ನನ್ನು ದಾಟಿ, ನಲ್ಲಿಮೂಳೆಯನ್ನು ಪುಟ್ಟಸ್ವಾಮಿಯ ಎಲೆಗೆ ಬಡಿಸಿದರು.

ನನ್ನ ಎಲೆಗೆ ಬಂದದ್ದು ಪಕ್ಕೆಲುಬು. ಹೊಟ್ಟೆ ಉರಿಯಿತು ಎನ್ನುವುದನ್ನು ನಾಲ್ಕು ಜನ ಸುಮ್ಮನೆ ಮಾತಿಗೆ ಹೇಳುತ್ತಾರೆ. ನನಗೆ ನಿಜವಾಗಿಯೂ ಉರಿಯಿತು, ಖಾರದಿಂದ ಅಲ್ಲ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಕರಾವಳಿಯ ಪಾಠ ಮಾಡಿದವನು ನಾನು. ಉಬ್ಬರ, ಇಳಿತ, ಕಡಲ ಗಾಳಿ, ನೆಲ ಗಾಳಿ ಎಲ್ಲವನ್ನೂ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಬಿಡಿಸಿದವನು ನಾನು. ಸಮುದ್ರದ ಪಾಠ ಮಾಡಿದ್ದು ನಾನು, ಸಮುದ್ರ ಸಿಕ್ಕಿದ್ದು ಇವನಿಗೆ. ಎಲೆ ಬಿಟ್ಟು ಏಳುವ ಮೊದಲೇ ತಡೆಯಲಾರದೆ ಹೇಳಿಯೇಬಿಟ್ಟೆ: "ಅಲ್ಲ ಪುಟ್ಟಸ್ವಾಮಿ, ಕಡಲ್ಕೊರೆತ ಅಂತ ಒಂದು ಐತೆ. ಮಳೆಗಾಲದಲ್ಲಿ ಸಮುದ್ರ ಒಳಕ್ಕೆ ಬತ್ತದೆ." ಅವನು ಮೂಳೆಯನ್ನು ಚೀಪುತ್ತಲೇ, "ಬಂದ್ರೆ ಬರ್ಲಿ ಬುಡಣ್ಣ, ನಾವು ಅಲ್ಲೀಗಂಟ ನಡ್ಕಂಡೋಗೋದು ಉಳೀತದೆ" ಎಂದ. ಎಲ್ಲರೂ ನಕ್ಕರು. ನನ್ನ ಹೆಂಡತಿ ಜಯಲಕ್ಷ್ಮಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು, "ಮನೇಗೆ ಹೋದೇಟ್ಗೆ ಒಂದು ಲೋಟ ಮಜ್ಜಿಗೆ ಕೊಡ್ತೀನಿ, ಉರಿ ಒಸಿ ಕಮ್ಮಿ ಆಯ್ತದೆ" ಎಂದಳು. ಎರಡು ಲೋಟ ಕುಡಿದೆ.

ಹೋದ ಮರ್ಯಾದೆಯನ್ನು ವಾಪಸು ತರುವುದು ಹೇಗೆ ಎಂದು ನಾನು ಹಗಲೆಲ್ಲ ಯೋಚಿಸಿದೆ. ಆಗ ಹೊಳೆಯಿತು ನೋಡಿ. ನಮ್ಮ ಹಳೇ ಮೈಸೂರಿನ ಕಡೆ ರಾಜರೂ ಪಾಳೇಗಾರರೂ ಸಮುದ್ರ ದೂರವಾಯಿತೆಂದು ಕೊರಗಿದವರಲ್ಲ. ಒಂದು ಕೆರೆ ಕಟ್ಟಿಸುತ್ತಿದ್ದರು, ಅದಕ್ಕೆ ಸಮುದ್ರ ಎಂದು ಹೆಸರಿಡುತ್ತಿದ್ದರು, ನೆಮ್ಮದಿಯಾಗಿರುತ್ತಿದ್ದರು. ಹಾಗೆ ಹೆಸರು ಪಡೆದ ಒಂದು ಊರು ಮಾಗಡಿ ರಸ್ತೆಯ ಒಳಗಡೆ ಇದೆ, ತಿಮ್ಮಸಮುದ್ರ. ಅಲ್ಲಿ ಕೆರೆ ಏರಿಯ ಪಕ್ಕ ಸೈಟುಗಳನ್ನು ಮಾರುತ್ತಿದ್ದಾರೆಂದು ಕೇಳಿದೆ. ರಾಜಮಹಾರಾಜರಿಗೆ ಸಾಕಾದ ಸಮುದ್ರ ಮೇಷ್ಟ್ರಿಗೆ ಸಾಲದೆ? ಬ್ರೋಕರ್ ಜೊತೆ ಹೋಗಿ ನೋಡಿ ಬಂದೆ. ನೀರು ಕಾಣಲಿಲ್ಲ, ಏಕೆಂದರೆ ಮೇಲೆಲ್ಲ ಅಂತರಗಂಗೆ ಕಳೆ ಹಬ್ಬಿತ್ತು. ಅಲ್ಲಲ್ಲಿ ಅದು ಅಲುಗಾಡಿದ್ದು ಅಲೆಯಿಂದಲ್ಲ, ಕೆಳಗೆ ಎಮ್ಮೆ ಇದ್ದುದರಿಂದ. "ಗಾಳಿ ಎಂಗೈತೆ ನೋಡಿ ಸಾ" ಎಂದ ಬ್ರೋಕರ್. ಗಾಳಿ ಇತ್ತು. ಗಾಳಿಯಲ್ಲಿ ಎಮ್ಮೆಯೂ ಇತ್ತು. ಆದರೂ ಮನೆಗೆ ಬಂದವನೇ ಅತ್ತೆಗೆ ಫೋನು ಮಾಡಿ, ಆದಷ್ಟು ಉದಾಸೀನದ ದನಿಯಲ್ಲಿ, "ನಾನೂ ಸಮುದ್ರದ ದಡದಲ್ಲಿ ಒಂದು ಸೈಟು ನೋಡಿದೀನಿ ಅತ್ತೆ" ಎಂದೆ.

ಅತ್ತೆಗೆ ಸಂತೋಷವಾಯಿತು. "ಅಯ್ಯೋ ನಮ್ಮಪ್ಪ, ನೀವೂನಾ! ಯಾವೂರ ಸಮುದ್ರ?" ಎಂದರು. ಅಲ್ಲಿಗೆ ಫೋನು ಇಟ್ಟಿದ್ದರೆ ಆಗುತ್ತಿತ್ತು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟ್ರ ಬಾಯಿ, ತಿಮ್ಮಸಮುದ್ರ ಎಂದುಬಿಟ್ಟಿತು. ಅತ್ತೆ, "ತಿಮ್ಮಸಂದ್ರವಾ? ನಮ್ಮ ತವರೂರ್ಗೆ ಅದೇ ದಾರಿ ಕಣಪ್ಪಾ. ಅಲ್ಲಿ ಎಮ್ಮೆ ಮೈ ತೊಳೀತಿದ್ವಿ ನಾವು" ಎಂದರು. ನಮ್ಮ ಜನರ ಬಾಯಲ್ಲಿ ಸಮುದ್ರ ಸವೆದು ಸವೆದು ಸಂದ್ರವಾಗಿರುತ್ತದೆ ಎನ್ನುವುದನ್ನು, ಊರ ಹೆಸರುಗಳ ಬಗ್ಗೆ ಮಕ್ಕಳಿಗೆ ಪಾಠ ಹೇಳಿದ ನಾನೇ ಮರೆತಿದ್ದೆ. ಸಂಜೆಯ ಹೊತ್ತಿಗೆ ಸುದ್ದಿ ಮಸ್ಕತ್ತಿನವರೆಗೆ ಮುಟ್ಟಿತ್ತು. ಅಲ್ಲಿಂದ ಪುಟ್ಟಸ್ವಾಮಿಯ ಹೆಂಡತಿ, ನನ್ನ ನಾದಿನಿ ಸುಮಿತ್ರ ಫೋನು ಮಾಡಿ, "ಭಾವಾ, ನಿಮ್ಮ ಸಮುದ್ರದಲ್ಲಿ ಹಡಗು ಬತ್ತದಾ?" ಎಂದು ಕೇಳಿದಳು. ಆ ಸೈಟಿನ ವಿಷಯವನ್ನು ನಾನು ಮತ್ತೆ ಎತ್ತಲಿಲ್ಲ.

ಇಷ್ಟಾದ ಮೇಲೆ ನನ್ನನ್ನು ನನ್ನ ಪಾಡಿಗೆ ಬಿಡಬೇಕಿತ್ತು. ಆದರೆ ಪುಟ್ಟಸ್ವಾಮಿಯ ಒಳ್ಳೆಯತನ ಅಷ್ಟಕ್ಕೆ ಬಿಡುವಂಥದ್ದಲ್ಲ. ಮಳೆಗಾಲ ಮುಗಿದಾಗ ಮಸ್ಕತ್ತಿನಿಂದ ಫೋನು ಮಾಡಿದ. "ಅಣ್ಣಾ, ಬೀಗ ಹಾಕಿದ್ರೆ ಮನೆ ಹಾಳಾಯ್ತದೆ. ಉಪ್ಪು ಗಾಳಿ ನೋಡು, ಎಲ್ಲಾ ತುಕ್ಕು ಹಿಡೀತದೆ. ನೀನು ರಿಟೇರಾಗಿ ಮನೇಲೇ ಇದೀಯ. ಅತ್ತಿಗೇನ ಕರ್ಕಂಡೋಗಿ ಒಂದೆರಡು ತಿಂಗಳು ಇದ್ಬುಟ್ಟು ಬಾ" ಎಂದ. ನಾನು ಅವನ ಕಾವಲುಗಾರನೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಜಯಲಕ್ಷ್ಮಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿ, ರಾಗಿ ಬೀಸಿಸಲು ಮಿಲ್ಲಿಗೆ ಹೊರಟಾಗಿತ್ತು. ಸರಿ, ಹೋಗೋಣ, ಹೋಗಿ ಆ ಮನೆಯಲ್ಲಿ ಎಷ್ಟು ಕುಂದುಕೊರತೆ ಇದೆಯೋ ಅಷ್ಟನ್ನೂ ಕಣ್ಣಾರೆ ನೋಡಿ ಬರೋಣ ಎಂದು ನಾನೂ ಮನಸ್ಸಿನಲ್ಲೇ ಖುಷಿಪಟ್ಟೆ.

ಕುಂದುಕೊರತೆಗಳು ನಿರಾಸೆ ಮಾಡಲಿಲ್ಲ. ಗೇಟು ತೆಗೆಯಲು ಹೋದರೆ ಚಿಲಕವೇ ಕೈಗೆ ಬಂತು. ಕಿಟಕಿ ಸರಳುಗಳು ತುಕ್ಕು ಹಿಡಿದು ಸಿಪ್ಪೆ ಏಳುತ್ತಿದ್ದವು. ಡಬ್ಬದೊಳಗಿನ ಹಪ್ಪಳ ಬಟ್ಟೆಯ ಹಾಗೆ ಮಡಿಸಲು ಬರುತ್ತಿತ್ತು. ಉಪ್ಪಿನ ಡಬ್ಬದಲ್ಲಿ ಉಪ್ಪಿರಲಿಲ್ಲ, ಉಪ್ಪುನೀರಿತ್ತು. ಒಂದೊಂದು ಸಿಕ್ಕಿದಾಗಲೂ ಫೋಟೊ ತೆಗೆದು, "ಇದನ್ನೂ ನೋಡಪ್ಪ" ಎಂದು ಪುಟ್ಟಸ್ವಾಮಿಗೆ ಕಳಿಸಿದೆ. ಅವನಿಂದ ಬರುತ್ತಿದ್ದ ಉತ್ತರ ಒಂದೇ: "ಸರಿ ಅಣ್ಣ, ಮಾಡಿಸ್ಬುಡು." ಹಾಗಾಗಿ ಚಿಲಕ ಹಾಕಿಸಿದೆ, ಸರಳು ಉಜ್ಜಿಸಿ ಬಣ್ಣ ಹೊಡೆಸಿದೆ, ಜರುಗಿದ ಹೆಂಚು ಕೈಯಾಡಿಸಿ ಸರಿಮಾಡಿಸಿದೆ. ಪಕ್ಕದ ಮನೆಯ ಮೀನುಗಾರರ ಅಜ್ಜಿ ಬೇಲಿಯಾಚೆ ನಿಂತು, ಜಯಲಕ್ಷ್ಮಿ ತಿರುವುತ್ತಿದ್ದ ಮುದ್ದೆಯನ್ನು ಕಂಡು, "ಹ್ವಾಯ್, ನೀವ್ ಘಟ್ಟದ್ ಮೇಲಿನೋರ್ ಅಲ್ದಾ?" ಎಂದು ಕೇಳಿತು. ಅವರ ಲೆಕ್ಕದಲ್ಲಿ ಘಟ್ಟ ಹತ್ತಿದ ಮೇಲೆ ಸಿಗುವವರೆಲ್ಲ ಒಂದೇ, ರಾಮನಗರವೂ ಒಂದೇ, ರಾಯಚೂರೂ ಒಂದೇ. ಭೂಗೋಳ ಗೊತ್ತಿದ್ದ ನನಗೆ ಬೇಸರವಾಯಿತು. ಆದರೆ ಅಜ್ಜಿ ಕೊಟ್ಟ ಬಂಗುಡೆ ಮೀನಿನ ಸಾರು ಮುದ್ದೆಗೆ ಎಷ್ಟು ಚೆನ್ನಾಗಿ ಹೊಂದಿತೆಂದರೆ ಬೇಸರವನ್ನು ಊಟದ ನಂತರಕ್ಕೆ ಮುಂದೂಡಿದೆ.

ದಿನ ಕಳೆದಂತೆ ನನಗೆ ಏನಾಯಿತೋ ಗೊತ್ತಿಲ್ಲ. ಸಂಜೆ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಗಾಳಿ ನಾನು ಬೋರ್ಡಿನ ಮೇಲೆ ಬಾಣ ಹಾಕಿದ ದಿಕ್ಕಿನಿಂದಲೇ ಬರುತ್ತಿತ್ತು. ನಾನು ಹೇಳಿದ್ದು ಸರಿ ಎಂದು ಸಮುದ್ರ ಒಪ್ಪಿಕೊಂಡ ಹಾಗಿತ್ತು. ಜಯಲಕ್ಷ್ಮಿ ಸೀರೆ ಒಸಿ ಎತ್ತಿ ಹಿಡಿದು ಅಲೆಗೆ ಕಾಲು ಕೊಟ್ಟು, ಅಲೆ ಬಂದಾಗ ಹಿಂದಕ್ಕೆ ಓಡುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಓಡಿದ್ದನ್ನು ನಾನು ನೋಡಿದ್ದು ಬಸ್ಸಿಗೆ ಮಾತ್ರ. ನನಗೆ ಹಿತವೆನಿಸಿತು. ಅದು ಮುಚ್ಚಿಡುವ ಮಾತಲ್ಲ. ಊರಿನಿಂದ ಯಾರಾದರೂ ಫೋನು ಮಾಡಿದರೆ, "ನಮ್ಮನೆ ಮುಂದೇನೇ ಸಮುದ್ರ" ಎನ್ನತೊಡಗಿದೆ. ಎರಡು ತಿಂಗಳು ಎಂದು ಬಂದವರು ನಾಲ್ಕನೆಯ ತಿಂಗಳಿಗೆ ಕಾಲಿಟ್ಟಿದ್ದೆವು.

ಆಗ ಒಂದು ಬೆಳಗ್ಗೆ ನಮ್ಮ ಮನೆಯ ಮುಂದಿನ ಖಾಲಿ ಜಾಗದಲ್ಲಿ ಕಲ್ಲಿನ ಲಾರಿ ಬಂದು ನಿಂತಿತು. ನಮಗೂ ಸಮುದ್ರಕ್ಕೂ ಸರಿಯಾಗಿ ನಡುವೆ. ವಿಚಾರಿಸಿದರೆ ಯಾರೋ ಮುಂಬೈಯವರು ಮನೆ ಕಟ್ಟಿಸುತ್ತಿದ್ದಾರಂತೆ, ಮೇಲೊಂದು ಮಹಡಿಯೂ ಉಂಟಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಲುಂಗಿ ಎತ್ತಿ ಕಟ್ಟಿ ಹೋದೆ. ಬಿಳಿ ಅಂಗಿಯ ಒಬ್ಬ ಹಿರಿಯರು ನೂಲು ಹಿಡಿಸಿ ಪಾಯದ ಗುರುತು ಹಾಕಿಸುತ್ತಿದ್ದರು. "ಏನ್ರೀ ಇದು? ಎಲ್ಲೆಲ್ಲಿಂದಲೋ ಬಂದು ನಮ್ಮ ಸಮುದ್ರಕ್ಕೆ ಅಡ್ಡ ಕಟ್ತೀರಲ್ಲ, ಹೊರಗಿನೋರಿಗೆ ಒಂದು ನ್ಯಾಯ ನೀತಿ ಬೇಡ್ವಾ?" ಎಂದು ತರಗತಿಯ ದನಿಯಲ್ಲಿ ಕೂಗಿದೆ. ಹಿರಿಯರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಬಹಳ ಮೆತ್ತಗೆ, "ನಾನು ಹುಟ್ಟಿದ್ದು ಈ ಜಾಗದಲ್ಲೇ ಮಾರಾಯ್ರೆ. ಇಲ್ಲೇ ನಮ್ಮ ಹಳೆ ಮನೆ ಇತ್ತು. ಮುಂಬೈಯಲ್ಲಿ ಹೋಟೆಲು ಮಾಡಿಕೊಂಡಿದ್ದೆ, ಈಗ ವಾಪಸು ಬಂದೆ" ಎಂದರು. ಸ್ವಲ್ಪ ತಡೆದು, "ತಾವು ಘಟ್ಟದ ಮೇಲಿನವರಾ?" ಎಂದರು. ಬೇಲಿಯ ಹತ್ತಿರ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದು ಕಂಡಿತು.

ಮನೆಗೆ ಬಂದವನೇ ಮಸ್ಕತ್ತಿಗೆ ಫೋನು ಹಚ್ಚಿದೆ. ಪುಟ್ಟಸ್ವಾಮಿಗೆ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ನಾನು ಕಡಲ ತೀರದ ಕಾನೂನಿನಿಂದ ಹಿಡಿದು ಬೆಳಕು ಗಾಳಿಯ ಹಕ್ಕಿನವರೆಗೆ ಎಲ್ಲವನ್ನೂ ಹೇಳಿದೆ. ಮೋಸ ಆಯಿತು, ಮಣ್ಣಾಯಿತು, ಜಗುಲಿಯಿಂದ ಇನ್ನು ಕಾಣುವುದು ಆ ಮನುಷ್ಯನ ಬಚ್ಚಲ ಕಿಟಕಿ ಎಂದೆ. ನೀನು ತಕ್ಷಣ ಹೊರಟು ಬಾ ಎಂದೆ. ಅವನು ಎಲ್ಲವನ್ನೂ ಕೇಳಿ ಒಂದು ಸಾರಿ ಆಕಳಿಸಿದ. "ಕಟ್ಕಳ್ಳಿ ಬುಡಣ್ಣ. ಅವ್ರೂ ಒಸಿ ನೋಡ್ಲಿ. ನಾಲ್ಕೆಜ್ಜೆ ಮುಂದುಕ್ಕೋದ್ರೆ ನಮ್ಗೂ ಕಾಣ್ತದಲ್ಲ, ಅವ್ರು ನೋಡುದ್ರೆ ಸಮುದ್ರ ಏನು ಸವೆದೋಯ್ತದಾ? ಅತ್ತಿಗೆ ಚೆನ್ನಾಗವ್ರಾ?" ಎಂದ.

ನಾನು ಫೋನು ಇಟ್ಟೆ. ದುಡ್ಡು ಕೊಟ್ಟು ಕೊಂಡವನು ಆಕಳಿಸುತ್ತಿದ್ದಾನೆ, ಪುಕ್ಕಟೆ ಕೂತವನು ಬೆವರುತ್ತಿದ್ದಾನೆ. "ಹೊಟ್ಟೆ ಉರ್ಕಳಕ್ಕಾದ್ರೂ ಒಂದು ಸ್ವಂತ ಮನೆ ಇರ್ಬೇಕಲ್ರೀ" ಎಂದು ಜಯಲಕ್ಷ್ಮಿ ಕಾಫಿ ಕೊಟ್ಟು ಹೋದಳು. ನನ್ನ ತಲೆಯಲ್ಲಿ ಆ ಆಕಳಿಕೆಯೇ ತುಂಬಿಕೊಂಡಿತ್ತು. ಅದರಲ್ಲಿ ನಾಟಕವಿರಲಿಲ್ಲ. ಆ ಮನುಷ್ಯನಿಗೆ ನಿಜವಾಗಿಯೂ ಏನೂ ಅನಿಸಿರಲಿಲ್ಲ. ಮಸ್ಕತ್ತು ಅವನಿಗೆ ಸಿಕ್ಕಿದ್ದನ್ನು ಸಹಿಸಿಕೊಂಡೆ. ಸಮುದ್ರ ಸಿಕ್ಕಿದ್ದನ್ನೂ ಹೇಗೋ ನುಂಗಿಕೊಂಡೆ. ಆದರೆ ಹೊಟ್ಟೆಕಿಚ್ಚೇ ಇಲ್ಲದ ಹೊಟ್ಟೆಯೂ ಅವನಿಗೇ ಸಿಕ್ಕಿದೆ ಎಂದು ಗೊತ್ತಾದ ಮೇಲೆ, ನಿಮ್ಮಾಣೆಗೂ ನನಗೆ ತಡೆದುಕೊಳ್ಳಲು ಆಗುತ್ತಿಲ್ಲ.