ಭಾವನ ತೂಕ

ನಮ್ಮ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಊರಿಗೆಲ್ಲ ಒಂದು ಕೆಲಸ ಸಿಕ್ಕಿದ ಹಾಗೆ. ಅದರಲ್ಲೂ ನಮ್ಮ ಭಾವನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬದಲಾದ ಆ ಮೂರು ತಿಂಗಳು ಗುಂಡ್ಲುಪೇಟೆಯಲ್ಲಿ ಸುಮ್ಮನೆ ಕೂತವರೇ ಇರಲಿಲ್ಲ.

ತೊಂಬತ್ತರ ದಶಕದ ಮಾತು. ಭಾವ ಅಂದರೆ ನಮ್ಮಕ್ಕನ ಯಜಮಾನರು. ಗುಂಡ್ಲುಪೇಟೆಯಲ್ಲಿ ಅವರದು ಈರುಳ್ಳಿ ಮಂಡಿ. ಕೆಲವು ಕಡೆ ಮಣ್ಣು, ಚೀಲ ಅಂತ ನೆಪ ತೆಗೆದು ರೈತನ ತೂಕದಲ್ಲಿ ಮುರಿದುಕೊಳ್ಳುತ್ತಾರೆ. ಭಾವನ ಮಂಡಿಯಲ್ಲಿ ಎಲ್ಲ ಉಲ್ಟಾ. ಮೂಟೆ ಜಾರದಿರಲಿ ಅಂತ ತೂಕದ ಮೆಷಿನ್ನಿನ ಮೇಲೆ ಒಂದು ಮರದ ಹಲಗೆ ಹಾಸಿದ್ದರು. ಅದರ ತೂಕವನ್ನೂ ಕಳೆಯುತ್ತಿರಲಿಲ್ಲ. ಅವರ ಅಪ್ಪನ ಕಾಲದಿಂದ ಆ ತೂಕ ರೈತನ ಲೆಕ್ಕಕ್ಕೇ. ಅಂಥ ಮನುಷ್ಯನ ಮೇಲೆ ನನಗೆ ಮೊದಲಿಂದಲೂ ಅಭಿಮಾನ. ಆದರೆ ನಗು ಬಂದಾಗ ಅಭಿಮಾನ ಅಡ್ಡ ಬರುವುದಿಲ್ಲ.

೧. ಹಳೇ ಸ್ಟಾಕು

ನಾನು ಚಾಮರಾಜನಗರದಲ್ಲಿ ಮೇಷ್ಟ್ರು. ಅಲ್ಲಿನ ಡಾಕ್ಟರ ಹತ್ತಿರ ಭಾವನನ್ನು ಕರೆದುಕೊಂಡು ಹೋದವನು ನಾನೇ. ಜೊತೆಗೆ ಅಕ್ಕ. ಡಾಕ್ಟರು ನಿಧಾನವಾಗಿ ಹೇಳಿದರು. ಹಳೇ ಮಾತ್ರೆ ಸಕ್ಕರೆ ಇಳಿಸುತ್ತಿದೆ, ಆದರೆ ಹಸಿವು ಏರಿಸುತ್ತಿದೆ. ಮೈ ನಡುಗಿದಾಗೆಲ್ಲ ತಿನ್ನುತ್ತೀರಿ, ತಿಂದು ತೂಕ ತೊಂಬತ್ತೆರಡಾಗಿದೆ. ಅದನ್ನು ನಿಲ್ಲಿಸಿ ಬೇರೆ ಮಾತ್ರೆ ಕೊಡುತ್ತೇನೆ. ಮೂರು ತಿಂಗಳಲ್ಲಿ ಎಂಬತ್ತೈದಕ್ಕೆ ಬನ್ನಿ, ಶುಗರೂ ಇಳಿಯಲಿ. ಇಲ್ಲದಿದ್ದರೆ ದಿನಾ ಇಂಜೆಕ್ಷನ್.

ಇಂಜೆಕ್ಷನ್ ಅಂದ ತಕ್ಷಣ ಭಾವನ ಮುಖ ಬಿಳಿಚಿತು. ಹೊಲಕ್ಕೆ ನುಗ್ಗಿದ ಆನೆಯನ್ನು ತಗಡಿನ ಡಬ್ಬ ಬಡಿದು ಓಡಿಸಿದ ಮನುಷ್ಯ, ಸೂಜಿ ಕಂಡರೆ ಮಾತ್ರ ಗೋಡೆಗೆ ಒತ್ತಿಕೊಂಡುಬಿಡುತ್ತಿದ್ದರು. ಅಕ್ಕನ ಹೆದರಿಕೆ ಬೇರೆ. ಇದೇ ಕಾಯಿಲೆಯಲ್ಲಿ ತನ್ನ ಮಾವನವರ ಕಾಲಿನ ಗಾಯ ಮಾಯದೇ ಹೋದದ್ದನ್ನು ಅವಳು ಕಣ್ಣಾರೆ ನೋಡಿದ್ದಳು.

ಮನೆಗೆ ಬಂದ ಮೇಲೆ ನೋಡಿದರೆ ಭಾವ ಹಳೇ ಮಾತ್ರೆಯ ಡಬ್ಬಿ ಹಿಡಿದುಕೊಂಡು ಕೂತಿದ್ದಾರೆ. ಹೊಸದನ್ನು ಯಾವಾಗ ಶುರುಮಾಡುತ್ತೀರಿ ಅಂತ ಕೇಳಿದೆ. ಹಳೇ ಸ್ಟಾಕು ಖಾಲಿಯಾಗದೆ ಹೊಸ ಮಾಲು ಇಳಿಸಿಕೊಳ್ಳುವ ಪದ್ಧತಿ ತಮ್ಮಲ್ಲಿ ಇಲ್ಲ ಎಂದರು. ಡಾಕ್ಟರು ನಿಲ್ಲಿಸಿ ಅಂದಿದ್ದಾರೆ ಅಂತ ನಾನು ಪಾಠ ಮಾಡಿದ್ದು ಗಾಳಿಗೆ ಹೋಯಿತು.

ಅಕ್ಕ ಒಳಗಿಂದ ಬಂದಳು. "ಕೊಳ್ತ ಈರುಳ್ಳಿ ಪಕ್ದಲ್ಲಿ ಹೊಸ ಮೂಟೆ ಮಡಗ್ತೀರಾ ನೀವು?"

ಭಾವ ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ಬಿ.ಎಡ್. ಮಾಡಬೇಕಾಗಿದ್ದವಳು ನಿಮ್ಮಕ್ಕ ಕಣಯ್ಯಾ ಎಂದರು.

೨. ಹುಣಸೇಮರದ ಸ್ಟಾಪು

ಹೊಸ ಮಾತ್ರೆಗೆ ಮೊದಮೊದಲು ಹೊಟ್ಟೆ ಕೆಡಬಹುದು ಅಂತ ಡಾಕ್ಟರು ಹೇಳಿದ್ದರು. ಅದು ಕೆಟ್ಟದ್ದು ಬಸ್ಸಿನಲ್ಲಿ. ನಮ್ಮ ಮನೆಗೆ ಬಂದು ವಾಪಸು ಹೋಗುತ್ತಿದ್ದ ಭಾವ, ತೆರಕಣಾಂಬಿ ದಾಟಿದ ಮೇಲೆ ಎದ್ದು ಕಂಡಕ್ಟರ ಕಿವಿಯಲ್ಲಿ ಏನೋ ಹೇಳಿದರು. ಬಸ್ಸು ಒಂದು ಹುಣಸೇಮರದ ಹತ್ತಿರ ನಿಂತಿತು. ಭಾವ ಚೊಂಬು ಹಿಡಿದು ಬೇಲಿ ಹಾರಿದರು. ಬಸ್ಸಿನಲ್ಲಿದ್ದವರಲ್ಲಿ ಅರ್ಧ ಜನ ಅವರ ಮಂಡಿಗೆ ಈರುಳ್ಳಿ ಹಾಕಿದವರು, ಒಬ್ಬರೂ ಗೊಣಗಲಿಲ್ಲ. ಒಬ್ಬ ಅಜ್ಜ ಇಳಿದು ಬೀಡಿ ಹಚ್ಚಿಕೊಂಡು, ನಿಧಾನಕ್ಕೆ ಮುಗಿಸಿ ಬರಲಿ ಅಂತ ಡ್ರೈವರಿಗೆ ಹೇಳಿದನಂತೆ.

ಮುಂದಿನ ವಾರ ಅದೇ ಬಸ್ಸು, ಅದೇ ಕಂಡಕ್ಟರು. ಹುಣಸೇಮರ ಬಂತು, ತಾನಾಗಿಯೇ ಸೀಟಿ ಊದಿದ. ಭಾವ ನಾಚಿಕೊಂಡು, ಹೊಟ್ಟೆ ಈಗ ನೆಟ್ಟಗಿದೆ, ಹೋಗು ಅಂದರು. ಅಷ್ಟರಲ್ಲಿ ಸೊಪ್ಪಿನ ಕುಕ್ಕೆ ಹೊತ್ತ ಇಬ್ಬರು ಹೆಂಗಸರು ಹತ್ತಿಯಾಗಿತ್ತು. ಇಲ್ಲಿ ಸ್ಟಾಪು ಎಲ್ಲಿದೆ ಅಂತ ಕಂಡಕ್ಟರು ಕೇಳಿದರೆ, ಹೋದ ವಾರ ಬಸ್ಸು ಇಲ್ಲೇ ನಿಂತಿತ್ತಲ್ಲ ಅಂದರು.

ಆಮೇಲೆ ಬಸ್ಸು ದಿನಾ ಅಲ್ಲಿ ನಿಲ್ಲತೊಡಗಿತು. ಸ್ಟಾಪು ಮಂಜೂರು ಮಾಡಿಸಿದ್ದು ಯಾರು ಅಂತ ಅಲ್ಲಿಯವರನ್ನು ಕೇಳಿದರೆ, ಮಂಡಿ ಯಜಮಾನರು ಬಹಳ ಕಷ್ಟಪಟ್ಟು ಮಾಡಿಸಿದರು ಅನ್ನುತ್ತಾರೆ.

೩. ಹಾಗಲಕಾಯಿ

ಸುದ್ದಿ ಬೇಗೂರು, ಕುದೇರು ಕಡೆಗೂ ಮುಟ್ಟಿತು. ಯಜಮಾನರಿಗೆ ಸಕ್ಕರೆಯಂತೆ, ಹಾಗಲಕಾಯಿ ಒಳ್ಳೆಯದಂತೆ. ಈರುಳ್ಳಿ ತರುವವರೆಲ್ಲ ಮೂಟೆಯ ಮೇಲೊಂದು ಹಾಗಲಕಾಯಿ ಚೀಲ ಇಟ್ಟುಕೊಂಡು ಬರತೊಡಗಿದರು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಭಾವನಿಗೆ ಗೊತ್ತಿಲ್ಲ. ಅಕ್ಕ ಪಲ್ಯ ಮಾಡಿದಳು, ಗೊಜ್ಜು ಮಾಡಿದಳು, ಉಪ್ಪು ಹಚ್ಚಿ ಬಿಸಿಲಿಗಿಟ್ಟಳು, ಭಾನುವಾರ ಹೋದ ನನಗೂ ಬಡಿಸಿದಳು. ಕಾಯಿಲೆ ಅವರದು, ಕಹಿ ನನ್ನದು. ಆದರೂ ಮಂಡಿಯ ಮೂಲೆಯಲ್ಲಿ ರಾಶಿ ಬೆಳೆಯುತ್ತಲೇ ಹೋಯಿತು.

ಈರುಳ್ಳಿ ತುಂಬಲು ಬಂದ ಕೇರಳದ ಲಾರಿ ಡ್ರೈವರು ಆ ರಾಶಿ ನೋಡಿ, ನಮ್ಮ ಕಡೆ ಇದಕ್ಕೆ ಒಳ್ಳೇ ಗಿರಾಕಿ ಉಂಟು ಅಂದ. ತುಂಬಿ ಕಳಿಸಿದರು. ಬಂದ ದುಡ್ಡನ್ನು ಭಾವ ಮುಟ್ಟಲಿಲ್ಲ, ಕಾಯಿ ತಂದವರಿಗೇ ಹಂಚಿಬಿಟ್ಟರು. ಮುಂದಿನ ಬೆಳೆಗೆ ಎಷ್ಟೋ ಜನ ಹಾಗಲ ಚಪ್ಪರ ಹಾಕಿದರು.

ಬಿತ್ತನೆಗೆ ಮುಂಚೆ ಒಬ್ಬ ರೈತ ಮಂಡಿಗೆ ಬಂದು, ಭಾರಿ ಕಾಳಜಿಯಿಂದ ಕೇಳಿದ. "ಈ ಸಲ ಶುಗರ್ ಎಂಗದೆ ಯಜಮಾನ್ರೇ? ಇನ್ನೆರಡು ಸಾಲು ಜಾಸ್ತಿ ಆಕನಾ?"

೪. ಹಲಗೆ

ನಗೆ ಒಂದು ಕಡೆ ಇರಲಿ, ಆ ಮೂರು ತಿಂಗಳು ಭಾವ ಹಿಡಿದ ಹಠವನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ. ಎರಡನೇ ಮುದ್ದೆ ಬಿಟ್ಟರು. ಸಂಜೆಯ ಬೋಂಡ ಬಿಟ್ಟರು. ಸ್ಕೂಟರು ಮನೆಯಲ್ಲಿ ಬಿಟ್ಟು ಮಂಡಿಗೆ ನಡೆದರು. ಎದುರು ಕೂತು ಹೋಳಿಗೆ ತಿನ್ನುವವರ ಜೊತೆ ಮುಖ ಸಿಂಡರಿಸದೆ ಮಾತಾಡಿದರು. ಸೋಮವಾರ ಸೋಮವಾರ ಚಪ್ಪಲಿ ಬಿಟ್ಟು ಮೂಟೆ ತೂಗುವ ಮೆಷಿನ್ನಿನ ಮೇಲೆ ನಿಲ್ಲುತ್ತಿದ್ದರು. ಹಮಾಲಿ ಮುಳ್ಳು ನೋಡಿ ಕೂಗುತ್ತಿದ್ದ, ಮಂಡಿಯೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿತ್ತು.

ಡಾಕ್ಟರ ಹತ್ತಿರ ಹೋಗುವ ದಿನ ಬೆಳಿಗ್ಗೆ ಹಮಾಲಿ ಮೆಲ್ಲಗೆ ಹೇಳಿದ್ದು ಎಂಬತ್ತೇಳು. ಅವನ ದನಿ ಅಳುವ ಹಾಗಿತ್ತಂತೆ.

ಅಕ್ಕನ ಜೊತೆ ಚಾಮರಾಜನಗರಕ್ಕೆ ಬಂದ ಭಾವನ ಮುಖ ಬಾಡಿತ್ತು. ಡಾಕ್ಟರ ಎದುರು ಕೂತವರೇ ಅಂಗಿಯ ತೋಳು ಮಡಚಿ, ಕಣ್ಣು ಮುಚ್ಚಿ, ಕೈ ಚಾಚಿದರು. ಸೋತುಬಿಟ್ಟೆ, ಚುಚ್ಚಿ ಅಂದರು. ಡಾಕ್ಟರು ಕೈ ಪಕ್ಕಕ್ಕಿಟ್ಟು, ಮೊದಲು ತೂಕ ನೋಡೋಣ ಅಂತ ತಮ್ಮ ಮೆಷಿನ್ನಿನ ಮೇಲೆ ನಿಲ್ಲಿಸಿದರು. ಸರಿಯಾಗಿ ಎಂಬತ್ತೈದು. ರಕ್ತದ ರಿಪೋರ್ಟಿನಲ್ಲಿ ಶುಗರೂ ಇಳಿದಿತ್ತು. ಇಂಜೆಕ್ಷನ್ ಬೇಕಿಲ್ಲ ಎಂದರು.

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಹೊರಟುಬಿಡುತ್ತಿದ್ದರು. ಭಾವ ಕೆಳಗಿಳಿಯದೆ, "ನಿಮ್ಮ ಮೆಷಿನ್ ಸರಿಯಿಲ್ಲ ಡಾಕ್ಟ್ರೇ" ಅಂದರು.

ಡಾಕ್ಟರು ತಾವೇ ಹತ್ತಿ ತೋರಿಸಿದರು, ನನ್ನನ್ನೂ ಹತ್ತಿಸಿದರು. ಭಾವ ಒಪ್ಪಲಿಲ್ಲ. ತಮ್ಮ ಮೆಷಿನ್ನು ಅಪ್ಪನ ಕಾಲದ್ದು, ಇವತ್ತಿನವರೆಗೆ ಒಬ್ಬ ರೈತನೂ ಅದರ ತೂಕ ಕಮ್ಮಿ ಅಂದಿಲ್ಲ ಅಂತ ವಾದಕ್ಕೆ ನಿಂತರು. ಸುಳ್ಳು ತೂಕದಲ್ಲಿ ಪಾಸಾಗುವುದು ಬೇಡ, ಚುಚ್ಚಿಬಿಡಿ ಅಂತ ಮತ್ತೆ ತೋಳು ಮಡಚಿದರು. ಕಣ್ಣು ಮುಚ್ಚಿಕೊಂಡು ಕೈ ಚಾಚಿಯೇ ಇದ್ದರು. ಡಾಕ್ಟರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ.

ಬಾಗಿಲ ಹತ್ತಿರ ಕೂತಿದ್ದ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ರೀ, ಹಲಗೆ" ಅಂದಳು.

ಭಾವ ಕಣ್ಣು ಬಿಟ್ಟರು. ಆಮೇಲೆ ಮಡಚಿದ ತೋಳನ್ನು ನಿಧಾನವಾಗಿ ಇಳಿಸಿಕೊಂಡರು. ಮೂರು ತಿಂಗಳು ಆ ಹಲಗೆಯ ಮೇಲೇ ನಿಂತಿದ್ದರು. ಕಳೆಯುವ ಅಭ್ಯಾಸವೇ ಇಲ್ಲದ ಮಂಡಿಯಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ಡಾಕ್ಟರಿಗೆ ಹಲಗೆಯ ಕಥೆ ಬಿಡಿಸಿ ಹೇಳುವಷ್ಟರಲ್ಲಿ ನಗು, ಅಳು ಎರಡೂ ಬಂದು ನನಗೆ ಸಾಕಾಗಿಹೋಯಿತು.

ಮಾರನೇ ಸೋಮವಾರ ಹಮಾಲಿ ಬಹಳ ಉತ್ಸಾಹದಿಂದ ಮೆಷಿನ್ನಿನ ಹತ್ತಿರ ಬಗ್ಗಿದ. ಇನ್ನು ಮುಂದೆ ಯಜಮಾನರ ತೂಕ ಸರಿಯಾಗಿ ಬರಲಿ ಅಂತ ಹಲಗೆ ಎತ್ತಲು ಹೋದ.

"ಬುಡ್ಲಾ, ಮುಟ್ಬೇಡ, ಅದು ರೈತ್ರುದು" ಅಂದರು ಭಾವ. ಚಪ್ಪಲಿ ಬಿಟ್ಟು ಹಲಗೆಯ ಮೇಲೆ ಹತ್ತಿ ನಿಂತು, ಮುಳ್ಳು ನೋಡಿ ನಿಟ್ಟುಸಿರು ಬಿಟ್ಟರು. "ನಾನೇ ಇನ್ನೆರಡು ಕೆ.ಜಿ. ಇಳೀತೀನಿ."