ನೂರೈವತ್ತು ಪ್ರತಿಶತ ಹಾಜರಿ

ಒಬ್ಬ ವಿದ್ಯಾರ್ಥಿನಿ ಏಕಕಾಲಕ್ಕೆ ಎರಡು ಪದವಿಗಳಿಗೆ ಓದಬಹುದೆಂದು ನಿಯಮವಿದೆ. ಆಕೆ ಏಕಕಾಲಕ್ಕೆ ಎರಡು ಊರುಗಳಲ್ಲಿ ಇರಬಾರದೆಂದು ಯಾವ ನಿಯಮದಲ್ಲೂ ಇಲ್ಲ.

ಗುಂಜೋಟಿಯ ಕುರಿಗಾರ ಬಕ್ಕಪ್ಪನ ಮಗಳು ರೂಪಾಲಿ ಇದನ್ನು ನಂಬಿ ಉದಗೀರದ ಒಂದು ಕಾನೂನು ಕಾಲೇಜಿಗೂ ಉಮರ್ಗಾದ ಒಂದು ಎಂ.ಬಿ.ಎ. ಕಾಲೇಜಿಗೂ ಹೆಸರು ಹಚ್ಚಿದಳು. ಕಾರಣ ಸರಳ. ಕುರಿ ಮೇಯಿಸಿದರೆ ಅರಣ್ಯ ಇಲಾಖೆಯ ನೋಟೀಸು ಬರುತ್ತಿತ್ತು, ಉಣ್ಣೆ ಮಾರಲು ಹೋದರೆ ವ್ಯಾಪಾರಿಯ ತಕ್ಕಡಿ ವ್ಯಾಪಾರಿಯ ಕಡೆಗೇ ಬಾಗುತ್ತಿತ್ತು.

"ಎರಡೂ ಒಮ್ಮೆಲೇ ಯಾಕವ್ವಾ? ಒಂದು ಮುಗಿಸಿ ಇನ್ನೊಂದು ಓದು," ಎಂದ ಬಕ್ಕಪ್ಪ.

"ನೋಟೀಸ ಬರೋದು ಮುಗಿದ ಮ್ಯಾಲ ವ್ಯಾಪಾರಿ ಮೋಸ ಮಾಡ್ತಾನೇನಪ್ಪಾ? ಎರಡೂ ಕೂಡೇ ನಡದಾವ."

ಬಕ್ಕಪ್ಪ ಒಪ್ಪಿದ. ರೂಪಾಲಿ ವಾರದಲ್ಲಿ ಮೂರು ದಿನ ಉದಗೀರಕ್ಕೆ, ಮೂರು ದಿನ ಉಮರ್ಗಾಕ್ಕೆ ಹೋದಳು. ಒಂದು ದಿನವೂ ತಪ್ಪಿಸಲಿಲ್ಲ. ಡಿಸೆಂಬರಿನಲ್ಲಿ ಕಾನೂನು ಕಾಲೇಜಿನ ಪ್ರಾಚಾರ್ಯ ನಾಗನಾಥರು ಆಕೆಯನ್ನು ಕರೆದರು.

"ನಿನ್ನ ಹಾಜರಿ ಐವತ್ತು ಪ್ರತಿಶತ ಅದ. ಎಪ್ಪತ್ತೈದು ಬೇಕು. ಪರೀಕ್ಷಾ ಫಾರ್ಮ್ ಸಿಗಂಗಿಲ್ಲ."

"ಉಮರ್ಗಾದಾಗೂ ಐವತ್ತದರೀ ಸರ್. ಕೂಡಿಸಿದ್ರ ನೂರ ಆಗ್ತದ."

"ಬರೋಬರ್ ಅದ. ಆದ್ರ ಎರಡೂ ಕಡಿ ಎಪ್ಪತ್ತೈದಂದ್ರ ನೂರೈವತ್ತು. ನಿನಗ ಇನ್ನಾ ಐವತ್ತು ಕಮ್ಮಿ." ಅವರು ಇದನ್ನು ಬಹಳ ಕನಿಕರದಿಂದ ಹೇಳಿದರು.

ಅಂದು ಬಸ್ಸಿನಲ್ಲಿ ರೂಪಾಲಿ ಪುಸ್ತಕ ತೆರೆಯಲಿಲ್ಲ. ಒಂದು ವರ್ಷ ಹೋದರೆ ಅಪ್ಪ ಮತ್ತೊಮ್ಮೆ ಕಳಿಸುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಮನೆ ಸೇರುವಷ್ಟರಲ್ಲಿ ಒಂದು ಸಂಗತಿ ನೆನಪಾಯಿತು. ಹನ್ನೆರಡಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ಕಾಲೇಜಿನ ಮಾನ್ಯತೆ ರದ್ದಾಗುತ್ತದೆ. ಎರಡೂ ಕಾಲೇಜುಗಳಲ್ಲಿ ಸರಿಯಾಗಿ ಹನ್ನೆರಡು ಜನರಿದ್ದರು, ಆಕೆ ಸೇರಿ. ಮರುದಿನ ಆಕೆ ಎರಡೂ ಕಡೆ ವಿನಮ್ರವಾಗಿ ಅರ್ಜಿ ಕೊಟ್ಟಳು: ತನ್ನ ಹೆಸರು ತೆಗೆದುಹಾಕಬೇಕು.

ಮೂರನೆಯ ದಿನ ತುರ್ತು ಸಭೆ ಸೇರಿತು. ನಾಗನಾಥರು ಉಮರ್ಗಾಕ್ಕೆ ಹೋಗಲೊಪ್ಪಲಿಲ್ಲ, ಎಂ.ಬಿ.ಎ. ಕಾಲೇಜಿನ ಸಂಚಾಲಕ ಋಷಿಕೇಶರು ಉದಗೀರಕ್ಕೆ ಬರಲೊಪ್ಪಲಿಲ್ಲ. ಹೀಗಾಗಿ ನಡುವೆ ಇರುವ ನಿಲಂಗಾದ ಬಸ್ ನಿಲ್ದಾಣದಲ್ಲಿ ಕೂತರು. ರೂಪಾಲಿಯನ್ನೂ ಕರೆಸಿದ್ದರು.

"ಈ ಬೆಂಚ ಯಾವ ಕಾಲೇಜಿಂದು?" ಋಷಿಕೇಶರು ಕೇಳಿದರು.

"ಯಾರ್ದೂ ಅಲ್ಲರೀ," ಎಂದಳು ರೂಪಾಲಿ.

"ಅಂದ್ರ ಇಬ್ಬರದೂ ಅಂತ ಬರೀಲಿಕ್ಕೆ ಅಡಚಣ ಇಲ್ಲ," ಎಂದರು ಋಷಿಕೇಶರು.

ಸಂಜೆಯೊಳಗೆ ಸಂಯುಕ್ತ ಪ್ರಕಟಣೆ ಹೊರಬಿತ್ತು: "ನಿಲಂಗಾ ಬಸ್ ನಿಲ್ದಾಣದ ಮೂರನೆಯ ಬೆಂಚನ್ನು ಉಭಯ ಕಾಲೇಜುಗಳ ವಿಸ್ತರಣಾ ಆವರಣವೆಂದು ಘೋಷಿಸಲಾಗಿದೆ. ಅಲ್ಲಿ ಕೂತವರು, ಹಿಂದೆ ಬಸ್ಸಿಗೆ ಕಾಯುತ್ತ ಕೂತ ದಿನಗಳೂ ಸೇರಿ, ಎರಡೂ ಕಡೆ ಹಾಜರಿರುವುದಾಗಿ ಭಾವಿಸತಕ್ಕದ್ದು. ಎದ್ದು ನಿಂತವರಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ."

"ಸರ್, ಪಾಠ?" ಎಂದು ಕೇಳಿದಳು ರೂಪಾಲಿ.

"ಪಾಠದ ಬಗ್ಗೆ ನಿಯಮದಾಗ ಏನೂ ಇಲ್ಲವ್ವಾ," ಎಂದರು ನಾಗನಾಥರು.

ವರ್ಷದ ಕೊನೆಗೆ ರೂಪಾಲಿಯ ಹಾಜರಿ ನೂರೆಂಬತ್ತು ಪ್ರತಿಶತವಾಯಿತು. ಹೆಚ್ಚಾದ ಮೂವತ್ತನ್ನು, ಪ್ರವೇಶ ಪಡೆದ ದಿನದಿಂದ ಪುಣೆಯಲ್ಲೇ ನೌಕರಿಯಲ್ಲಿದ್ದ ಇತರ ವಿದ್ಯಾರ್ಥಿಗಳಿಗೆ ಕಾಲೇಜುಗಳು ಹಂಚಿದವು. ಅವರು ಕೃತಜ್ಞತಾ ಪತ್ರ ಕಳಿಸಿದರು.

ರೂಪಾಲಿ ಬೆಂಚಿನ ಮೇಲೆ ಒಬ್ಬಳೇ ಗಟ್ಟಿಯಾಗಿ ಓದುತ್ತಿದ್ದಳು. ಒಂದು ದಿನ ವಲಾಂಡಿಯ ಕುರಿಗಾರ್ತಿ ಮಲಕಮ್ಮ ಬಸ್ಸಿಗೆ ಕಾಯುತ್ತ ಕೇಳಿ, ಚೀಲದಿಂದ ಒಂದು ಕಾಗದ ತೆಗೆದಳು. "ಯವ್ವಾ, ಇದೂ ನಿನ್ ಪುಸ್ತಕದಾಗ ಅದೇನ ನೋಡು."

ಅದು ಕುರಿ ಮೇಯಿಸಿದ್ದಕ್ಕೆ ಬಂದ ನೋಟೀಸು. ರೂಪಾಲಿ ಅಲ್ಲೇ ಉತ್ತರ ಬರೆದುಕೊಟ್ಟಳು. ಹದಿನೈದು ದಿನದಲ್ಲಿ ನೋಟೀಸು ಹಿಂದೆ ಹೋಯಿತು. ಆಮೇಲೆ ಕುರಿಗಾರರು ಸಾಲುಗಟ್ಟಿ ಬಂದರು. ಎಲ್ಲರ ಉಣ್ಣೆಯನ್ನೂ ಒಂದೇ ಕಡೆ ತೂಗಿಸಿ, ಒಂದೇ ದರಕ್ಕೆ ಮಾರುವ ಏರ್ಪಾಡನ್ನು ಆಕೆ ಅದೇ ಬೆಂಚಿನ ಮೇಲೆ ಮಾಡಿದಳು. ಬಕ್ಕಪ್ಪನೂ ಬಂದು ಸಾಲಿನಲ್ಲಿ ನಿಂತ. ಮಗಳೆಂದು ಮುಂದೆ ಹೋಗಲಿಲ್ಲ. ಎರಡೂ ಕಾಲೇಜಿನ ಪ್ರಾಧ್ಯಾಪಕರು ಇದನ್ನೆಲ್ಲ ತಮ್ಮ ಉಪನ್ಯಾಸವೆಂದು ದಾಖಲಿಸಿದರು.

ರೂಪಾಲಿ ಎರಡೂ ಪದವಿ ಪಡೆದು ಈಗ ಅಲ್ಲೇ ಪಾಠ ಹೇಳುತ್ತಾಳೆ. ಬೆಂಚುಗಳು ಒಂಬತ್ತಾಗಿವೆ. ನಿಲ್ದಾಣದ ಧ್ವನಿವರ್ಧಕದಲ್ಲಿ ದಿನಾಲೂ ಸೂಚನೆ ಬರುತ್ತದೆ: "ಉದಗೀರದ ಬಸ್ಸು ಕರಾರು ಕಾಯಿದೆಯ ಪಾಠ ಮುಗಿದ ನಂತರ ಹೊರಡುವುದು."

ಮೊನ್ನೆ ಹೊಸದಾಗಿ ಬಂದ ಪ್ರಯಾಣಿಕನೊಬ್ಬ ಕಂಡಕ್ಟರನನ್ನು ಕೇಳಿದ, "ಇನ್ನಾ ಎಷ್ಟೊತ್ತರೀ?"

ಕಂಡಕ್ಟರ್ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ತಲೆ ಎತ್ತದೆ, "ಸುಮ್ಮ ಕೂಡ್ರಿ, ಇದು ಪರೀಕ್ಷಾಕ್ಕ ಬರ್ತದ," ಎಂದ.